ಇಲ್ಲದ ಕಾಮಾಲೆಗೆ ಇಪ್ಪತ್ತೊಂದು ದಿನ

‘ಆಗದ ಮಾತು’ ಎಂದವರು ನಮ್ಮ ದೊಡ್ಡಪ್ಪ. ಅಪ್ಪನ ಸ್ವಂತ ಅಣ್ಣ, ಮಾಯಕೊಂಡದವರು. ನಾನು ಪಿಯುಸಿ ಪಾಸಾಗಿ ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ ವಾರವೇ ಹರಿಹರದ ನಮ್ಮ ಮನೆಗೆ ಬಂದರು. ಅವ್ವ ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, ನನ್ನ ಎದುರಿಗೇ ಅಪ್ಪನಿಗೆ ಹೇಳಿದರು.

“ನಮ್ಮ ವಂಶದಾಗೆ ಡಿಗ್ರಿ ಮಾಡಿದೋರು ಯಾರದಾರೆ ಹೇಳು? ನನ್ನ ಮಗನ್ನೂ ಕಳ್ಸಿದ್ದೆ, ಏನಾತು? ಇವ್ಳೂ ಒಂದ್ ವರ್ಷ ಬಸ್ಸಿನಾಗೆ ಓಡಾಡ್ತಾಳೆ, ಆಮ್ಯಾಕೆ ಮನೇಲಿ ಕುಂದರ್ತಾಳೆ. ಆಗದ ಮಾತು ತಮ್ಮಾ, ಬರ್ದು ಇಟ್ಕ.”

“ನಂಗೆ ಬರಿಯಾಕೆ ಬರಲ್ಲಣ್ಣ,” ಎಂದ ಅಪ್ಪ. “ಆಕೀನೇ ಬರ್ಕಂತಾಳೆ ಬಿಡು.”

ಅಪ್ಪ ಅಷ್ಟು ಚುರುಕಾಗಿ ಅಣ್ಣನಿಗೆ ತಿರುಗಿ ಉತ್ತರ ಕೊಟ್ಟಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ನಂತರವೂ ನೋಡಲಿಲ್ಲ. ಆ ಒಂದು ಮಾತಿನ ಭಾರವನ್ನು ಮೂರು ವರ್ಷ ಓದಿ ನಾನು ಹೊರಬೇಕಾಗಿತ್ತು. ಕಡೆಗೆ ನಾಲ್ಕು ವರ್ಷವಾಯಿತು. ಆ ಒಂದು ವರ್ಷ ಎಲ್ಲಿ ಹೋಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಓದಿದವರು ಯಾರೂ ಇರಲಿಲ್ಲ. ಅಪ್ಪ ಗಾರೆ ಕೆಲಸದವನು, ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಎಷ್ಟೋ ಮನೆಗಳ ಗೋಡೆಗೆ ಅವನ ಕೈಯ ಪ್ಲಾಸ್ಟರ್ ಇದೆ. ಅವ್ವ ಹರಿಹರದ ಒಂದು ಖಾನಾವಳಿಗೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಓದಿದವರಿಲ್ಲದ ಮನೆಯಿಂದ ಬಂದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಈಗ ರೂಢಿ. ನಾನೂ ಹೇಳಿಕೊಳ್ಳುತ್ತೇನೆ, ಯಾಕೆ ಬಿಡಲಿ? ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಓದುವವರು ಹೇಗಿರುತ್ತಾರೆ ಎಂಬುದು ಅಂಥ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಿಮೆಂಟು ಕಲಸುವವನ ಬೆರಳು ಒಡೆಯುತ್ತದೆ, ರೊಟ್ಟಿ ಬಡಿಯುವವಳ ರಟ್ಟೆ ನೋಯುತ್ತದೆ, ಅದು ನಮಗೆ ಗೊತ್ತು. ಓದುವವರಿಗೆ ಎಲ್ಲಿ ನೋಯುತ್ತದೆ? ಯಾರನ್ನು ಕೇಳುವುದು?

ಹಾಗಾಗಿ ಎರಡನೇ ವರ್ಷ ಬೆಳಿಗ್ಗೆ ಬೆಳಿಗ್ಗೆ ವಾಂತಿ ಶುರುವಾದಾಗ ನಾವೆಲ್ಲ ಅದನ್ನು ಓದಿನ ನೋವು ಎಂದುಕೊಂಡೆವು. ನಾನೂ ಹಾಗೇ ಎಂದುಕೊಂಡೆ. ಎದೆ ಡವಗುಡುತ್ತಿತ್ತು, ಅಂಗೈ ಬೆವರುತ್ತಿತ್ತು. ದಾವಣಗೆರೆ ಬಸ್ಸು ಬಂದು ನಿಂತರೆ ಹತ್ತಲಾಗದೆ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದೆ. ಹತ್ತಿದ ಮೇಲೆ ಉಸಿರು ಸಾಲದೆ ಕಿಟಕಿಗೆ ಮುಖ ಒಡ್ಡುತ್ತಿದ್ದೆ. ಏನೋ ಕೆಟ್ಟದ್ದು ಆಗಲಿದೆ ಎನ್ನಿಸುತ್ತಿತ್ತು. ಏನು ಎಂದು ಕೇಳಿಕೊಂಡರೆ ಗೊತ್ತಾಗುತ್ತಿರಲಿಲ್ಲ. ಹಸಿವಿಲ್ಲ, ನಿದ್ದೆಯಿಲ್ಲ. ಮೈಯ ಬಟ್ಟೆಗಳೆಲ್ಲ ಸಡಿಲವಾದವು. ಅವ್ವ ಚೂಡಿದಾರದ ಎರಡೂ ಬದಿಗೆ ಹೊಲಿಗೆ ಹಾಕಿ ಹಾಕಿ ಕೊಡುತ್ತಿದ್ದಳು. ರೊಟ್ಟಿ ಒಯ್ಯಲು ಬಂದ ಖಾನಾವಳಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು ಬೇರೆ.

“ನಮ್ಮ ಹುಡ್ಗಿ ಓದೋ ಓದಿಗೆ ಅನ್ನ ಸೇರಲ್ರೀ. ಒಂದ್ ರೊಟ್ಟಿ ತಿಂದ್ರೆ ಹೆಚ್ಚು. ಅಷ್ಟು ಓದ್ತಾಳೆ.”

ಅವಳ ದನಿಯಲ್ಲಿ ಮರುಕವಿರಲಿಲ್ಲ, ಜಂಬವಿತ್ತು. ಹೊಲಿಗೆ ಹಾಕಿದ ಪ್ರತಿ ಇಂಚೂ ಅವಳ ಲೆಕ್ಕದಲ್ಲಿ ಡಿಗ್ರಿಯ ಕಡೆಗೆ ಇಟ್ಟ ಹೆಜ್ಜೆ. ನನಗೂ ಒಳಗೊಳಗೆ ಅದೇ ಜಂಬ. ಇಷ್ಟು ಕಷ್ಟವಾಗುತ್ತಿದೆ ಎಂದರೆ ನಾನು ಸರಿಯಾಗಿಯೇ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಅಪ್ಪ ಹರಿಹರದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ನಾಲಗೆ ನೋಡಿ, ಸಲೈನ್ ಹಾಕಿಸಿ, “ಪರೀಕ್ಷೆ ಟೆನ್ಷನ್, ಎಲ್ಲಾರ್ಗೂ ಇರ್ತೈತೆ” ಎಂದರು. ಓದಿದವರೇ ಹೇಳಿದ ಮೇಲೆ ಮುಗಿಯಿತಲ್ಲ.

ಎಲ್ಲರಿಗೂ ಇರುವುದೇ ಬೇರೆ, ನನಗಿರುವುದೇ ಬೇರೆ ಎಂದು ಮೊದಲು ಅನುಮಾನ ಬಂದದ್ದು ನನ್ನ ಗೆಳತಿಯೊಬ್ಬಳು ನಿದ್ದೆ ಮಾಡುವುದನ್ನು ನೋಡಿ. ಅವಳು ನನ್ನ ತರಗತಿಯವಳೇ, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಮನೆ. ಅವಳ ತಾಯಿ ಹೈಸ್ಕೂಲು ಟೀಚರು, ಅಜ್ಜ ಕೂಡ ಮೇಷ್ಟರಾಗಿದ್ದವರು. ಗೆಳತಿಗೂ ಪರೀಕ್ಷೆ ಎಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ಹಾಲ್ ಟಿಕೆಟ್ಟು ಹತ್ತು ಸಲ ತೆಗೆದು ನೋಡುವಳು, ಬೆಲ್ಲಾಗುವ ಮೊದಲು ಮೂರು ಸಲ ಬಾತ್‌ರೂಮಿಗೆ ಓಡುವಳು, “ಏ ನಂಗೇನೂ ನೆನಪಿಲ್ಲ ಕಣೆ, ಸತ್ತೆ ನಾನು” ಎಂದು ನನ್ನ ಕೈ ಹಿಂಡುವಳು. ಇವಳೂ ನನ್ನ ಹಾಗೇ ಎಂದು ನನಗೆ ಸಮಾಧಾನ.

ನಾಲ್ಕನೇ ಸೆಮಿಸ್ಟರಿನ ಕೊನೆಯ ಪೇಪರು ಮುಗಿದ ದಿನ ಅವಳು ನನ್ನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ದಾರಿಯಲ್ಲಿ ಬೆಣ್ಣೆದೋಸೆ ತಿನ್ನಿಸಿದಳು. ಅವಳು ಎರಡು ತಿಂದು ಮೂರನೆಯದಕ್ಕೆ ಹೇಳಿದಳು. ನಾನು ಒಂದರ ಅಂಚು ಮುರಿಯುತ್ತ ಕುಳಿತಿದ್ದೆ. ಮನೆಗೆ ಹೋದದ್ದೇ ಅವಳು ಹಾಸಿಗೆ ಮೇಲೆ ಬಿದ್ದು, ಫ್ಯಾನಿನ ಕೆಳಗೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಮಧ್ಯಾಹ್ನ ಎರಡು ಗಂಟೆ. ನಾನು ಕುರ್ಚಿಯಲ್ಲಿ ಕುಳಿತು ಅವಳನ್ನೇ ನೋಡಿದೆ. ಅವಳ ಭಯ ಬೆಲ್ಲಿನ ಜೊತೆಗೇ ಎದ್ದು ಹೋಗಿತ್ತು. ನನ್ನ ಎದೆ ಬೆಳಿಗ್ಗೆ ಹೊಡೆದುಕೊಳ್ಳುತ್ತಿದ್ದ ಹಾಗೇ ಇನ್ನೂ ಹೊಡೆದುಕೊಳ್ಳುತ್ತಿತ್ತು.

ಅವಳ ತಾಯಿ ನೀರು ತಂದುಕೊಟ್ಟರು. ಲೋಟ ಹಿಡಿದ ನನ್ನ ಕೈ ನೋಡಿ ಪಕ್ಕದಲ್ಲೇ ಕುಳಿತರು.

“ಪರೀಕ್ಷೆ ಮುಗೀತಲ್ಲಮ್ಮ. ಈಗ ಯಾವುದಕ್ಕೆ ಹೆದರ್ತಿದೀಯ?”

“ಗೊತ್ತಿಲ್ಲ ಆಂಟಿ.”

“ಎಷ್ಟು ದಿನದಿಂದ?”

ಹೇಳಿದೆ. ಅವರು ಲೋಟ ಈಸಿಕೊಂಡು ಕೆಳಗಿಟ್ಟರು. “ಒಂದ್ಸಲ ಯಾರಾದ್ರೂ ಮನಸ್ಸಿನ ಡಾಕ್ಟರಿಗೆ ತೋರ್ಸೋಣ, ನಾನೇ ಜೊತೆಗೆ ಬರ್ತೀನಿ” ಎಂದರು.

ನಾನು ಎದ್ದುಬಿಟ್ಟೆ. ಅವರ ಮನೆಯ ಶೋಕೇಸಿನಲ್ಲಿ ಎರಡು ತಲೆಮಾರಿನ ಪದವಿ ಫೋಟೋಗಳಿದ್ದವು. ಭಯ ಎಷ್ಟಿದ್ದರೆ ಸರಿ, ಎಷ್ಟಾದರೆ ಹೆಚ್ಚು ಎಂದು ಅಳೆಯಲು ಅವರಿಗೆ ಅಜ್ಜ ಇದ್ದ, ತಾಯಿ ಇದ್ದಳು. ನನಗೆ ಹೋಲಿಸಿ ನೋಡಲು ದೊಡ್ಡಪ್ಪನ ಮಗ ಒಬ್ಬನೇ ಇದ್ದ, ಅವನು ಕಾಲೇಜು ಬಿಟ್ಟು ಬಂದವನು. ಆ ಮಾತು ಅವರ ಬಾಯಿಂದ ಕರುಣೆಯಾಗಿಯೇ ಬಂತು. ನನ್ನ ಕಿವಿಗೆ ಮಾತ್ರ ‘ಆಗದ ಮಾತು’ ಎಂದೇ ಕೇಳಿಸಿತು. ಥ್ಯಾಂಕ್ಸ್ ಕೂಡ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಆ ದಿನ ಸುಮ್ಮನೆ ಅವರ ಜೊತೆ ಹೋಗಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ಇದರಲ್ಲಿ ಬೇರೆ ಯಾರನ್ನೂ ಬೈಯಲಾರೆ.

ಐದನೇ ಸೆಮಿಸ್ಟರಿನ ಮೊದಲ ಪೇಪರು ಭೌತಶಾಸ್ತ್ರ. ರಿಜಿಸ್ಟರ್ ನಂಬರು ಬರೆದೆ. ಪ್ರಶ್ನೆಪತ್ರಿಕೆ ನೋಡಿದೆ, ಮೊದಲ ಮೂರೂ ಪ್ರಶ್ನೆ ಗೊತ್ತಿದ್ದವೇ. ಆಮೇಲೆ ಬೆರಳುಗಳು ನನ್ನವಲ್ಲ ಎನ್ನಿಸಿತು. ಗಂಟಲು ಮುಚ್ಚಿಕೊಂಡಿತು. ಇಲ್ಲೇ, ಈ ಬೆಂಚಿನ ಮೇಲೇ ಸಾಯುತ್ತೇನೆ ಎಂದು ಖಚಿತವಾಗಿ ಅನ್ನಿಸಿತು, ಅನುಮಾನವೇ ಇಲ್ಲದ ಹಾಗೆ. ಎದ್ದು ನಿಂತೆ. ಕೊಠಡಿಯ ಮೇಡಂ ಅರ್ಧ ಗಂಟೆಯಾಗದೆ ಬಿಡುವಂತಿಲ್ಲ ಎಂದರು. ಗೋಡೆ ಹಿಡಿದು ನಿಂತೇ ಆ ಅರ್ಧ ಗಂಟೆ ಕಳೆದು, ಬರೀ ನಂಬರಿದ್ದ ಉತ್ತರ ಪತ್ರಿಕೆ ಕೊಟ್ಟು ಹೊರಬಿದ್ದೆ. ಉಳಿದ ಪೇಪರುಗಳಿಗೆ ಮನೆಯಿಂದ ಹೊರಡಲೇ ಇಲ್ಲ.

ಮಗಳು ಪರೀಕ್ಷೆಗೆ ಹೋಗದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಪಕ್ಕದ ಮನೆಯವರು ಕೇಳುತ್ತಾರೆ. ಅವ್ವನಿಗೆ ತಟ್ಟನೆ ಹೊಳೆದ ಉತ್ತರ: “ಕಾಮಾಲೆ ಆಗೈತಿ.”

ಕಾಮಾಲೆ ಮರ್ಯಾದಸ್ತ ರೋಗ. ಯಾರಿಗಾದರೂ ಬರಬಹುದು, ಬಂದರೆ ಯಾರೂ ಆಡಿಕೊಳ್ಳುವುದಿಲ್ಲ, ಹೆಣ್ಣು ನೋಡಲು ಬರುವವರೂ ಹಿಂದೆ ಸರಿಯುವುದಿಲ್ಲ. ಆದರೆ ನಮ್ಮ ಕಡೆ ಕಾಮಾಲೆ ಎಂದರೆ ಸುಮ್ಮನೆ ಬಿಡುವುದೂ ಇಲ್ಲ. ಪಕ್ಕದ ಮನೆಯ ಅಜ್ಜಿ ಮಾರನೇ ದಿನವೇ ಯಾವುದೋ ಹಳ್ಳಿಯಿಂದ ಬೇರು ತರಿಸಿ, ಅರೆದು, ಹಸುವಿನ ಹಾಲಿಗೆ ಕಲಸಿ ತಂದಳು. ಖಾಲಿ ಹೊಟ್ಟೆಗೆ, ತನ್ನ ಕಣ್ಣೆದುರಿಗೇ ಕುಡಿಯಬೇಕು. ಇಪ್ಪತ್ತೊಂದು ದಿನ ಪಥ್ಯ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಸಪ್ಪೆ ಅನ್ನ, ಮಜ್ಜಿಗೆ.

ಕುಡಿದೆ. ಇಪ್ಪತ್ತೊಂದು ದಿನ ಉಪ್ಪಿಲ್ಲದ ಅನ್ನ ತಿಂದೆ. ಇಲ್ಲದ ರೋಗದ ಪಥ್ಯ ಮಾಡುವುದನ್ನು ಯಾರಾದರೂ ಕಂಡಿದ್ದೀರಾ? ಒಲೆಯ ಮುಂದೆ ಅವ್ವ ಖಾನಾವಳಿಗೆ ಕೆಂಪು ಚಟ್ನಿ ಕುಟ್ಟುವ ದಿನ ನಾನು ಒಳಗಿನ ಕೋಣೆಯಲ್ಲಿ ಮಜ್ಜಿಗೆ ಅನ್ನ ಕಲಸುತ್ತಿದ್ದೆ. ಅಜ್ಜಿ ಯಾವ ಹೊತ್ತಿಗೆ ಬಂದು ತಟ್ಟೆ ಇಣುಕಿ ನೋಡುತ್ತಾಳೋ ಎಂದು ಅವ್ವನಿಗೆ ದಿಗಿಲು, ಹಾಗಾಗಿ ಕಳ್ಳತನದಲ್ಲೂ ಒಂದು ಹರಳು ಉಪ್ಪು ಹಾಕುತ್ತಿರಲಿಲ್ಲ. ಮೊದಲೇ ಬಡಕಲಾಗಿದ್ದವಳು ಇನ್ನೂ ಇಳಿದೆ. ನೋಡಿದವರು, “ಪಾಪ, ಕಾಮಾಲೆ ಭಾಳ ತಿಂದೈತೆ ಹುಡ್ಗೀನ” ಎಂದರು. ಸುಳ್ಳಿಗೆ ನನ್ನ ಮೈಯೇ ಸಾಕ್ಷಿ ಹೇಳತೊಡಗಿತು.

ಸುದ್ದಿ ಮಾಯಕೊಂಡಕ್ಕೂ ಮುಟ್ಟಿ ದೊಡ್ಡಪ್ಪ ನೋಡಲು ಬಂದರು. ಕಾಮಾಲೆಯವರಿಗೆಂದು ಎರಡು ಎಳನೀರು ತಂದಿದ್ದರು, ಸುಳ್ಳು ಹೇಳಬಾರದು. ನನ್ನ ಹತ್ತಿರ ಕುಳಿತು ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಕೆಳಗೆ ಎಳೆದರು.

“ಬೆಳ್ಳಗೈತಲ್ಲೋ ಕಣ್ಣು!”

“ಔಷಧಿ ಹಿಡದೈತಣ್ಣ,” ಎಂದ ಅಪ್ಪ ಗೋಡೆ ನೋಡುತ್ತ.

“ಉಗುರು ತೋರ್ಸವಾ... ಉಗುರೂ ಬೆಳ್ಳಗೇ ಐತೆ. ಲೇ, ನಾನು ಎಷ್ಟು ಕಾಮಾಲೆ ನೋಡಿಲ್ಲ? ಇದು ಕಾಮಾಲೆ ಅಲ್ಲ ತಮ್ಮಾ. ಓದಿ ಓದಿ ತಲಿ ಕೆಟ್ಟೈತೆ ಇವಳ್ದು. ನಾನು ಅವತ್ತೇ ಹೇಳಿದ್ನೋ ಇಲ್ಲೋ?”

“ತಲಿ ಕೆಡಾಕೆ ಏನಾಗೈತ್ರಿ ಅವ್ಳಿಗೆ?” ಅವ್ವ ಅಡಿಗೆ ಒಲೆಯ ಮುಂದಿನಿಂದಲೇ ಎದ್ದಳು. “ಕಾಮಾಲೆನೇ ಅದು. ಅಜ್ಜಿ ಹೇಳಿಲ್ಲೇನು?”

“ಆತು ಬಿಡವಾ, ಕಾಮಾಲೆನೇ. ಇನ್ನ ಬ್ಯಾಡ ಕಾಲೇಜು. ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತೆ.”

ಇಡೀ ಬಳಗದಲ್ಲಿ ನನ್ನ ಕಾಯಿಲೆ ಮೈಯದಲ್ಲ ಎಂದು ಕಂಡವರು ಅವರೊಬ್ಬರೇ. ಅವರು ಕಂಡದ್ದು ಮುಕ್ಕಾಲು ಸರಿ. ಆದರೆ ಅವರಿಗೆ ‘ಹೌದು’ ಎಂದರೆ ಡಿಗ್ರಿ ಬಿಟ್ಟ ಹಾಗೆ. ‘ಅಲ್ಲ’ ಎಂದರೆ ಕಾಮಾಲೆಯ ಜೊತೆಗೇ ಬಾಳಬೇಕು. ಅದಕ್ಕೇ ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಎಳನೀರು ಸಿಹಿಯಾಗಿತ್ತು, ಅದೂ ಸಿಟ್ಟು ತರಿಸಿತು.

ಅವರು ಹೋದ ಮೇಲೆ ಅಪ್ಪ ಬಾಗಿಲ ಹತ್ತಿರವೇ ಕುಳಿತಿದ್ದ. ನಾನೇ ಎದ್ದು ಹೋಗಿ ಪಕ್ಕ ಕುಳಿತೆ.

“ಅಪ್ಪಾ, ನಂಗೆ ಕಾಮಾಲೆ ಇಲ್ಲ.”

“ಗೊತ್ತವಾ.”

“ಏನೈತಿ ಅಂತ ನಂಗೂ ಗೊತ್ತಿಲ್ಲ. ಪರೀಕ್ಷೆ ಭಯ ಆಗಿದ್ರೆ ಪರೀಕ್ಷೆ ಬಿಟ್ಮೇಲೆ ಹೋಗ್ಬೇಕಿತ್ತಲ್ಲ? ಹೋಗಿಲ್ಲ. ಮನೇಲಿ ಮಲಗಿದ್ರೂ ಐತೆ. ಈಗ, ನಿನ್ನ ಪಕ್ಕ ಕುಂತಾಗ್ಲೂ ಐತೆ.”

ಅಪ್ಪ ನನ್ನ ಅಂಗೈ ತೆಗೆದುಕೊಂಡು ಮುಟ್ಟಿ ನೋಡಿದ. ಗೋಡೆ ಒಣಗಿದೆಯೋ ಇಲ್ಲವೋ ಎಂದು ಅವನು ನೋಡುವುದು ಹಾಗೆಯೇ. “ಯಾರಿಗೆ ತೋರ್ಸಣ ಹೇಳು,” ಎಂದ. ನಾನು ಗೆಳತಿಯ ತಾಯಿಗೆ ಫೋನ್ ಮಾಡಿದೆ. ಅಷ್ಟು ದಿನ ಅವರ ಫೋನು ಎತ್ತದೆ ಇದ್ದವಳು. ಅವರು ಒಂದು ಮಾತೂ ಎತ್ತಿ ಆಡದೆ ದಾವಣಗೆರೆಯ ಸರ್ಕಾರಿ ಆಸ್ಪತ್ರೆಗೆ ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕೆಂದು ಹೇಳಿದರು.

ಅಲ್ಲಿಯ ಡಾಕ್ಟರಮ್ಮ ನಾನು ಅಂದುಕೊಂಡಂತೆ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಲಿಲ್ಲ. ಮೊದಲು ಥೈರಾಯ್ಡಿಗೆಂದು ರಕ್ತಪರೀಕ್ಷೆ ಬರೆದರು. ಆಮೇಲೆ ಒಂದೊಂದೇ ಕೇಳಿದರು. ಎಷ್ಟು ತಿಂಗಳಾಯಿತು? ದಿನಾ ಇರುತ್ತದೋ, ಯಾವಾಗಲೋ ಒಮ್ಮೆಯೋ? ಕಾರಣ ಇಲ್ಲದಾಗಲೂ ಬರುತ್ತದೆಯೇ? ಇದಕ್ಕೆ ಹೆದರಿ ಯಾವ ಯಾವ ಕೆಲಸ ಬಿಟ್ಟಿದ್ದೀಯ? ಸಾಯಬೇಕು ಅನ್ನಿಸಿದೆಯೇ? ನಾನು ಹೇಳುತ್ತ ಹೋದೆ. ಪಕ್ಕದಲ್ಲಿ ಅಪ್ಪ ಟವೆಲ್ಲನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದ.

“ಭಯ ಎಲ್ಲರಿಗೂ ಬೇಕಮ್ಮ,” ಎಂದರು ಡಾಕ್ಟರಮ್ಮ. “ಭಯ ಇಲ್ದೆ ಇದ್ರೆ ಓದೋದೂ ಇಲ್ಲ. ಕಾರಣ ಮುಗಿದ್ಮೇಲೆ ಅದೂ ಹೋದ್ರೆ ಅದು ಮಾಮೂಲಿ. ಕಾರಣ ಹೋದ್ರೂ ತಿಂಗಳುಗಟ್ಟಲೆ ಉಳ್ಕೊಂಡು, ಊಟ ನಿದ್ದೆ ಓದು ಎಲ್ಲಾ ನಿಲ್ಸಿದ್ರೆ ಅದು ಕಾಯಿಲೆ. ಔಷಧಿ ಇದೆ, ಮಾತಾಡಿ ಸರಿ ಮಾಡೋ ಚಿಕಿತ್ಸೆನೂ ಇದೆ. ಎರಡೂ ಮಾಡೋಣ. ಆರಾಮಾಯ್ತು ಅಂತ ನೀನಾಗೇ ಮಾತ್ರೆ ನಿಲ್ಸಬೇಡ, ನಾವು ಹೇಳಿದಾಗ ನಿಲ್ಸು.”

ಅಪ್ಪ ಬಾಯಿ ಬಿಟ್ಟ. “ಮೇಡಂ, ಓದಿದ್ದಕ್ಕೇ ಹಿಂಗಾತೇನ್ರಿ? ನಾವು ಓದ್ಸಬಾರದಿತ್ತಾ?”

“ಹೊರಗಡೆ ಸಾಲು ನೋಡಿ ಯಜಮಾನ್ರೇ. ಅವರೆಲ್ಲಾ ಓದಿದೋರಾ?”

ಹೊರಗೆ ಬಂದಾಗ ಅಪ್ಪ ನಿಜವಾಗಿಯೂ ಸಾಲು ನೋಡಿದ. ನಾಲ್ಕನೆಯವರು ಅವನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಸೆಂಟ್ರಿಂಗ್ ಮೇಸ್ತ್ರಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಸಂಬಂಧಿಕರೊಬ್ರು ಅಡ್ಮಿಟ್ ಆಗ್ಯಾರೆ, ನೋಡಾಕೆ ಬಂದಿದ್ದೆ,” ಎಂದರು ಮೇಸ್ತ್ರಿ, ಕೈಯ ಚೀಟಿ ಜೇಬಿಗಿಟ್ಟು.

“ನಾವೂ ಹಂಗೇನಪ್ಪ, ನೋಡಾಕೆ ಬಂದಿದ್ವಿ,” ಎಂದ ಅಪ್ಪ, ನನ್ನ ಔಷಧಿಯ ಕವರು ಟವೆಲ್ಲಿನೊಳಗೆ ಸುತ್ತಿ.

ಇಬ್ಬರೂ ಚಹಾ ಕುಡಿಯೋಣ ಬಾ ಎಂದು ಕರೆದರು, ಇಬ್ಬರೂ ಇನ್ನೊಮ್ಮೆ ಎಂದರು. ಬಸ್ಸಿನಲ್ಲಿ ಬರುವಾಗ ನನಗೆ ನಗು ಬಂತು, ಎಷ್ಟೋ ತಿಂಗಳ ಮೇಲೆ. ಅಪ್ಪನಿಗೆ ಬರಲಿಲ್ಲ. ಹರಿಹರ ಬರುವವರೆಗೂ, “ಅವ್ನಿಗೇನಾಗಿತ್ತು? ಎಷ್ಟು ಗಟ್ಟಿ ಮನುಷ್ಯ” ಎನ್ನುತ್ತಲೇ ಇದ್ದ.

ಮನೆಯಲ್ಲಿ ಅವ್ವ ಆ ಮಾತ್ರೆಗಳಿಗೆ ‘ಶಕ್ತಿ ಮಾತ್ರೆ’ ಎಂದು ಹೆಸರಿಟ್ಟಳು. ಯಾರಾದರೂ ಬಂದರೆ ಡಬ್ಬಿಗಳ ಹಿಂದೆ ಸರಿಸುವಳು. ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಕಡೆಗೆ ಅವಳ ಪ್ರಶ್ನೆ ಒಂದೇ: “ಡಿಗ್ರಿ ಮುಗಿದ್ಮ್ಯಾಲೆ ಬಿಡ್ಬೌದಲ್ಲ?” ನಾನು ಉತ್ತರ ಕೊಡುವುದನ್ನೇ ಬಿಟ್ಟೆ. ಹಗುರಾಗಲು ವಾರಗಳು ಹಿಡಿದವು. ಮೊದಮೊದಲು ತಲೆ ಸುತ್ತುತ್ತಿತ್ತು, ಬಾಯಿ ಒಣಗುತ್ತಿತ್ತು. ಎರಡು ವಾರಕ್ಕೊಮ್ಮೆ ಹೋಗಿ ಆಸ್ಪತ್ರೆಯ ಆಪ್ತಸಮಾಲೋಚಕಿಯ ಎದುರು ಕೂರುತ್ತಿದ್ದೆ. ಬಸ್ಸು ಬಿಡದೆ ಮೊದಲನೆಯದಕ್ಕೇ ಹತ್ತು, ಎದೆ ಹೊಡೆದುಕೊಳ್ಳುತ್ತಿದ್ದರೂ ಹತ್ತು ಎಂದು ಆಕೆ ನನಗೆ ಮನೆಗೆಲಸ ಕೊಡುತ್ತಿದ್ದರು. ಕಾಲೇಜಿನವರು ಮಾಡಿಸಿದ ಯಾವ ಮನೆಗೆಲಸವೂ ಅಷ್ಟು ಕಷ್ಟವಾಗಿರಲಿಲ್ಲ.

ಜೊತೆಯವರೆಲ್ಲ ಪಾಸಾಗಿ ಹೋದರು. ಗೆಳತಿ ಎಂ.ಎಸ್ಸಿ.ಗೆ ಸೇರಿದಳು. ಬಿಟ್ಟ ಪೇಪರುಗಳನ್ನು ನಾನು ಮುಂದಿನ ವರ್ಷ, ಹೆಸರು ಗೊತ್ತಿಲ್ಲದ ಚಿಕ್ಕವರ ನಡುವೆ ಕುಳಿತು ಬರೆದೆ. ಮತ್ತೆ ಅದೇ ಭೌತಶಾಸ್ತ್ರ. ಭಯವಾಯಿತು. ಹಾಲ್ ಟಿಕೆಟ್ಟು ನೋಡಿ ನೋಡಿ ಮುದುಡಿಸಿದೆ. ಮೂರು ಸಲ ಬಾತ್‌ರೂಮಿಗೆ ಹೋದೆ. ಮೂರನೇ ಸಲ ಬರುವಾಗ, ಇದು ಎಂ.ಸಿ.ಸಿ. ಬಿ ಬ್ಲಾಕಿನವರ ಭಯ, ನನಗೂ ಬಂತಲ್ಲ ಎಂದು ಸಂತೋಷವಾಯಿತು. ಬರೆದೆ. ಕೊನೆಯ ಬೆಲ್ಲಿಗೆ ಪೇಪರು ಕೊಟ್ಟು ರಾಣೆಬೆನ್ನೂರಿನ ಬಸ್ಸು ಹತ್ತಿ ಕುಳಿತವಳು ಎಂಥಾ ನಿದ್ದೆ ಹೋದೆನೆಂದರೆ ಕಂಡಕ್ಟರು ಭುಜದ ಹತ್ತಿರ ಸೀಟು ತಟ್ಟಿ ಎಬ್ಬಿಸಬೇಕಾಯಿತು.

“ಏನಕ್ಕಾ, ಹರಿಹರ ಅಂದಿದ್ರಿ? ಹೊಳಿ ದಾಟಿ ಎಷ್ಟೊತ್ತಾತು!”

ಸೇತುವೆಯ ಆಚೆ ಇಳಿದು ತಿರುಗಿ ನಡೆದುಕೊಂಡೇ ಬಂದೆ. ಹಸಿವಾಗಿತ್ತು.

ಪಾಸಾದೆ. ಮೊದಲ ವರ್ಷದ ಅಂಕಗಳನ್ನು ನೋಡಿದವರು ಡಿಸ್ಟಿಂಕ್ಷನ್ ಎಂದಿದ್ದರು, ಬಂದದ್ದು ಎರಡನೇ ದರ್ಜೆ. ಅರ್ಜಿ ಹಾಕುವ ಕಡೆಯಲ್ಲೆಲ್ಲ ಆ ಒಂದು ವರ್ಷ ಏನು ಮಾಡಿದಿರಿ ಎಂದು ಕೇಳುತ್ತಾರೆ. ಕಾಮಾಲೆಯಾಗಿತ್ತು ಎನ್ನುತ್ತೇನೆ. ನಾಚಿಕೆಗಲ್ಲ; ನಿಜ ಹೇಳಿದ ಒಂದು ಕಡೆ, “ಓ” ಎಂದವರು ಮತ್ತೆ ಕರೆಯಲೇ ಇಲ್ಲ. ಈಗ ಒಂದು ಲ್ಯಾಬಿನಲ್ಲಿ ಕೆಲಸವಿದೆ. ಮಾತ್ರೆ ಇನ್ನೂ ಇದೆ, ಮೊದಲಿನ ಅರ್ಧ.

ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದ ದಿನ ಅವ್ವ ತಾನೂ ಬರುತ್ತೇನೆಂದು ಹೊರಟಳು. ಖಾನಾವಳಿಗೆ ಆ ದಿನ ರೊಟ್ಟಿ ಇಲ್ಲ ಎಂದು ಹೇಳಿಕಳಿಸಿದಳು, ನನಗೆ ತಿಳಿದ ಮಟ್ಟಿಗೆ ಅದೇ ಮೊದಲ ಸಲ. ಬಸ್ಸಿನ ಉದ್ದಕ್ಕೂ ಸೀಟಿನಲ್ಲಿ ನೆಟ್ಟಗೆ ಕುಳಿತಿದ್ದಳು. ಕಾಲೇಜಿನ ಗೇಟಿನಲ್ಲಿ ಚಪ್ಪಲಿ ಬಿಡಲು ಹೋದಳು; ಬೇಡವೆಂದೆ. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ನನ್ನ ಹೆಸರು ಎರಡು ಸಲ ಓದಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಗಟ್ಟಿ ಹಾಳೆಯನ್ನು ಕಿಟಕಿಯ ಕಂಡಿಯಿಂದ ಚಾಚಿದರು. ನಾನು ಅದನ್ನು ತೆಗೆದುಕೊಂಡು ಅವ್ವನ ಕೈಗೆ ಕೊಟ್ಟೆ. ಅವಳು ಮೊದಲು ಎರಡೂ ಕೈ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹಿಡಿದು, ಓದಲು ಬಾರದ ಅಕ್ಷರಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಳು. ಅವಳ ಮುಖ ಅಷ್ಟು ನಿರಾಳವಾದದ್ದನ್ನು ನಾನು ನೋಡಿಯೇ ಇರಲಿಲ್ಲ.

“ಸಿಕ್ತಲ್ಲವ್ವ,” ಎಂದಳು. “ಆತು ಬಿಡು. ಇನ್ನ ಆ ಮಾತ್ರೆ ಒಗಿ.”